ಇಪ್ಪತ್ತಮೂರು ನಮೂದುಗಳು: ಎರಡೂವರೆ ವರ್ಷದ ಮಗುವಿನ ಹೊಡೆತಗಳನ್ನು ಅಳೆದ ಒಂದು ಪ್ರಕರಣ

ಶಿಶುವಿಹಾರದ ಮುಖ್ಯಸ್ಥೆ ಮಾತು ಆರಂಭಿಸುವ ಮೊದಲೇ ಒಂದು ದಪ್ಪ ನೋಟ್‌ಬುಕ್ಕನ್ನು ನನ್ನ ಮುಂದೆ ಸರಿಸಿದರು. ಮಕ್ಕಳ ನಡುವೆ ಹೊಡೆದಾಟ, ಗಾಯ, ಗಲಾಟೆ ಆದಾಗ ಶಿಕ್ಷಕಿಯರು ಅದರಲ್ಲಿ ಬರೆದಿಡುತ್ತಿದ್ದರು. ಹಿಂದಿನ ಆರು ವಾರಗಳಲ್ಲಿ 41 ನಮೂದುಗಳಿದ್ದವು. ಅವುಗಳಲ್ಲಿ 23 ಒಬ್ಬನೇ ಹುಡುಗನ ಹೆಸರಿನಲ್ಲಿದ್ದವು. ಅವನಿಗೆ ಆಗ 31 ತಿಂಗಳು. ಕೋಣೆಯಲ್ಲಿ ಎರಡರಿಂದ ಮೂರೂವರೆ ವರ್ಷದೊಳಗಿನ 14 ಮಕ್ಕಳು, ಮೂವರು ಶಿಕ್ಷಕಿಯರು.

ಎರಡು ಬಾರಿ ಅವನು ಬೇರೆ ಮಕ್ಕಳ ತೋಳನ್ನು ಹಲ್ಲುಗುರುತು ಮೂಡುವಷ್ಟು ಬಲವಾಗಿ ಕಚ್ಚಿದ್ದ. ಕಚ್ಚಿಸಿಕೊಂಡ ಮಗುವಿನ ತಾಯಿ ಅಳುತ್ತಲೇ ದೂರು ಕೊಟ್ಟಿದ್ದರು. ಹುಡುಗನನ್ನು ಬೇರೆ ಕಡೆ ಸೇರಿಸಿ ಎಂದು ಅವನ ಮನೆಯವರಿಗೆ ಹೇಳುವ ಯೋಚನೆ ಮುಖ್ಯಸ್ಥೆಗೆ ಬಂದಿತ್ತು. ಆದರೆ ಹೇಳುವ ಮೊದಲು ಅವರಿಗೆ ಒಂದು ಖಾತ್ರಿ ಬೇಕಿತ್ತು. "ಇವನು ಉಳಿದವರಿಗಿಂತ ಎಷ್ಟು ಹೆಚ್ಚು ಹೊಡೆಯುತ್ತಾನೆ? ನನಗೆ ಒಂದು ಸಂಖ್ಯೆ ಬೇಕು" ಎಂದರು.

ಪುಸ್ತಕದಲ್ಲಿ ಆ ಸಂಖ್ಯೆ ಆಗಲೇ ಇದೆ ಎಂದು ಅವರು ನಂಬಿದ್ದರು. ಹುಡುಗನ ಹೆಸರಿನಲ್ಲಿ 23, ಉಳಿದ 13 ಮಕ್ಕಳ ಹೆಸರಿನಲ್ಲಿ ಒಟ್ಟು 18, ಅಂದರೆ ತಲಾ ಒಂದೂವರೆಗಿಂತ ಕಡಿಮೆ. ಲೆಕ್ಕ ಹಾಕಿದರೆ ಸುಮಾರು 17 ಪಟ್ಟು. ಈ ಬರಹ ಆ 17 ಎಂಬ ಅಂಕಿ ಏನಾಯಿತು ಎಂಬುದರ ವರದಿ. ಕುಟುಂಬದ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಾಯಿಸಿದ್ದೇನೆ.

ಹೊಡೆತ ಎಂದು ಯಾವುದನ್ನು ಕರೆಯುವುದು

ಮೊದಲ ಎರಡು ದಿನ ನಾನು ಮಕ್ಕಳನ್ನು ನೋಡಲೇ ಇಲ್ಲ. ಪುಸ್ತಕವನ್ನು ಓದಿದೆ. ಹುಡುಗನ 23 ನಮೂದುಗಳನ್ನು ಬೇರೆ ಹಾಳೆಗೆ ಇಳಿಸಿಕೊಂಡು, ಪ್ರತಿಯೊಂದರಲ್ಲಿ ಅವನ ದೇಹ ಇನ್ನೊಬ್ಬರ ದೇಹಕ್ಕೆ ಏನು ಮಾಡಿತು ಎಂದು ಹುಡುಕಿದೆ. ಒಂಬತ್ತರಲ್ಲಿ ಏನೂ ಮಾಡಿರಲಿಲ್ಲ. "ಹಠ ಹಿಡಿದು ನೆಲದ ಮೇಲೆ ಹೊರಳಾಡಿದ", "ಕಿರುಚಿ ಎಲ್ಲರನ್ನೂ ಎಬ್ಬಿಸಿದ", "ಹೇಳಿದ ಮಾತು ಕೇಳಲಿಲ್ಲ" ಎಂದಷ್ಟೇ ಇತ್ತು. ಮೂರರಲ್ಲಿ ಆಟಿಕೆ ಕಸಿದುಕೊಂಡಿದ್ದ, ಯಾರನ್ನೂ ಮುಟ್ಟಿರಲಿಲ್ಲ. ಉಳಿದ 11 ನಿಜವಾದ ಹೊಡೆತ, ತಳ್ಳಾಟ, ಕಚ್ಚುವಿಕೆ. ಬೇರೆ ಮಕ್ಕಳ 18 ನಮೂದುಗಳಲ್ಲಿ 15 ಈ ಬಗೆಯವು. ಅವರ ಹಠ, ರಚ್ಚೆ, ಕಿರುಚಾಟ ಪುಸ್ತಕಕ್ಕೆ ಬಂದದ್ದು ಬಹಳ ಕಡಿಮೆ. ಅವರು ರಚ್ಚೆ ಹಿಡಿದರೆ ಅದು ವಯಸ್ಸಿನ ಗುಣ, ಇವನು ಹಿಡಿದರೆ ಅದು ಘಟನೆ. ಶಿಕ್ಷಕಿಯರು ಬೇಕೆಂದು ಹಾಗೆ ಬರೆದಿರಲಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ಕಚ್ಚುವ ಮಗುವೊಂದು ಕೋಣೆಯಲ್ಲಿದೆ ಎಂದಾದ ಮೇಲೆ ಅದು ಏನು ಮಾಡಿದರೂ ಕಚ್ಚುವಿಕೆಯ ಮುನ್ನುಡಿಯಂತೆಯೇ ಕಾಣುತ್ತದೆ.

ಹೀಗೆ ಹಠವನ್ನೂ ಹೊಡೆತವನ್ನೂ ಬೇರೆ ಮಾಡಿದ ಮಾತ್ರಕ್ಕೆ 17 ಪಟ್ಟು ಎಂಬುದು ಒಂಬತ್ತೂವರೆ ಪಟ್ಟಿಗೆ ಇಳಿಯಿತು.

ಹಾಜರಿ ಪುಸ್ತಕ ತರಿಸಿದಾಗ ಇನ್ನೊಂದು ವಿಷಯ ಕಂಡಿತು. ಏಳು ಮಕ್ಕಳು ದಿನಕ್ಕೆ ನಾಲ್ಕು ಗಂಟೆ ಇದ್ದು ಮನೆಗೆ ಹೋಗುತ್ತಿದ್ದರು. ಈ ಹುಡುಗನೂ ಸೇರಿದಂತೆ ಏಳು ಮಕ್ಕಳು ಒಂಬತ್ತು ಗಂಟೆ ಇರುತ್ತಿದ್ದರು. 30 ದಿನಗಳಲ್ಲಿ ಅವನು ಆ ಕೋಣೆಯಲ್ಲಿ ಕಳೆದದ್ದು 270 ಗಂಟೆ, ಅರ್ಧ ದಿನದ ಮಗು ಕಳೆದದ್ದು 120. ಹೊಡೆಯಲು ಸಿಕ್ಕ ಸಮಯವೇ ಎರಡು ಪಟ್ಟಿಗಿಂತ ಹೆಚ್ಚು ಇರುವವನನ್ನು ಬರಿಯ ಎಣಿಕೆಯಿಂದ ಹೋಲಿಸುವುದು ಅನ್ಯಾಯ. ಗಂಟೆಗೆ ಇಷ್ಟು ಎಂದು ಲೆಕ್ಕ ಹಾಕಿದಾಗ ಅನುಪಾತ ಏಳಕ್ಕಿಂತ ಸ್ವಲ್ಪ ಕೆಳಗೆ ಬಂದಿತು. ಮಗು ಒಂದಿಷ್ಟೂ ಬದಲಾಗಿರಲಿಲ್ಲ. ನಾನು ಇನ್ನೂ ಅವನ ಮುಖವನ್ನೇ ನೋಡಿರಲಿಲ್ಲ.

ಇನ್ನು ನೇರ ವೀಕ್ಷಣೆಗೆ ವ್ಯಾಖ್ಯೆ ಬೇಕಿತ್ತು, ಈ ಪ್ರಕರಣದಲ್ಲಿ ನನ್ನ ಹೆಚ್ಚಿನ ಶ್ರಮ ಹೋದದ್ದು ಅಲ್ಲಿಯೇ. ಪಠ್ಯಗಳಲ್ಲಿ ಆಕ್ರಮಣ ಎಂದರೆ ನೋಯಿಸುವ ಉದ್ದೇಶದಿಂದ ಮಾಡಿದ ಕೃತ್ಯ. ದೊಡ್ಡವರಿಗೆ ಅದು ಸರಿ. 31 ತಿಂಗಳ ಮಗುವಿನ ಉದ್ದೇಶವನ್ನು ಯಾರು ಓದಬಲ್ಲರು? ಕೈಯಲ್ಲಿದ್ದ ಗೊಂಬೆ ಬೇಕೆಂದು ತಳ್ಳಿದನೋ, ಎದುರಿನವಳು ಬೀಳಲಿ ಎಂದು ತಳ್ಳಿದನೋ, ಬರಿದೇ ದಾರಿ ಬಿಡಿಸಿಕೊಂಡನೋ? ಮೂರೂ ಸಂದರ್ಭದಲ್ಲಿ ಕೈಯ ಚಲನೆ ಒಂದೇ. ಆದ್ದರಿಂದ ಚಿಕ್ಕ ಮಕ್ಕಳನ್ನು ಅಧ್ಯಯನ ಮಾಡುವವರು ಉದ್ದೇಶವನ್ನು ಬದಿಗಿಟ್ಟು ಕೃತ್ಯದ ರೂಪವನ್ನು ಎಣಿಸುತ್ತಾರೆ. ನಾನೂ ನನ್ನ ಜೊತೆಗೆ ಕೆಲಸ ಮಾಡಿದ ವೀಕ್ಷಕಿಯೂ ಹಾಗೆಯೇ ಮಾಡಿದೆವು. ಹೊಡೆಯುವುದು, ಒದೆಯುವುದು, ಕಚ್ಚುವುದು, ಚಿವುಟುವುದು, ಪರಚುವುದು, ಕೂದಲು ಹಿಡಿದೆಳೆಯುವುದು, ತಳ್ಳುವುದು, ಮೈಗೆ ಗುರಿಯಿಟ್ಟು ವಸ್ತು ಎಸೆಯುವುದು: ಇವು ಎಣಿಕೆಗೆ. ಓಡುವಾಗ ಡಿಕ್ಕಿ ಹೊಡೆದರೆ ಎಣಿಕೆಗಿಲ್ಲ. ಕಸಿದುಕೊಳ್ಳುವುದಕ್ಕೆ ಪ್ರತ್ಯೇಕ ಕಾಲಂ.

ಉಳಿದದ್ದು ಕುಸ್ತಿಯಾಟ. ಒಬ್ಬರ ಮೇಲೊಬ್ಬರು ಬಿದ್ದು ಉರುಳಾಡುವ ಮಕ್ಕಳನ್ನು ದೂರದಿಂದ ನೋಡಿದವರಿಗೆ ಅದು ಜಗಳವೇ. 1960ರ ದಶಕದಲ್ಲಿ ನಿಕೊಲಸ್ ಬ್ಲರ್ಟನ್ ಜೋನ್ಸ್ ಪ್ರಾಣಿಗಳ ವರ್ತನೆಯನ್ನು ಗಮನಿಸುವ ಕ್ರಮದಲ್ಲೇ ಶಿಶುಶಾಲೆಯ ಮಕ್ಕಳನ್ನು ಗಮನಿಸಿ, ಇವೆರಡೂ ಬೇರೆ ಬೇರೆ ಗೊಂಚಲುಗಳು ಎಂದು ತೋರಿಸಿದರು. ನಗು, ಓಟ, ನೆಗೆತ, ಬಿಚ್ಚಿದ ಅಂಗೈಯ ಬೀಸು ಒಟ್ಟಿಗೆ ಬರುತ್ತವೆ. ಗಂಟಿಕ್ಕಿದ ಹುಬ್ಬು, ನೆಟ್ಟ ನೋಟ, ಹಿಡಿದೆಳೆತ, ಹೊಡೆತ ಇನ್ನೊಂದು ಗುಂಪಾಗಿ ಬರುತ್ತವೆ. ನಾನು ಇದಕ್ಕೆ ಒಂದು ಪರೀಕ್ಷೆ ಸೇರಿಸಿಕೊಂಡೆ: ಮುಗಿದ ಮೇಲೆ ಇಬ್ಬರೂ ಜೊತೆಯಲ್ಲೇ ಉಳಿದರೇ? ಆಟವಾಗಿದ್ದರೆ ಉಳಿಯುತ್ತಾರೆ, ಜಗಳವಾಗಿದ್ದರೆ ಒಬ್ಬರಾದರೂ ದೂರ ಸರಿಯುತ್ತಾರೆ. ಇದೂ ನೂರಕ್ಕೆ ನೂರು ನಡೆಯುವುದಿಲ್ಲ. ಆಟವಾಗಿ ಶುರುವಾಗಿ ನಾಲ್ಕನೆಯ ಉರುಳಿಗೆ ಜಗಳವಾದ ಪ್ರಸಂಗಗಳು ಕೆಲವಿದ್ದವು, ಅವನ್ನು ಬದಲಾದ ಕ್ಷಣದಿಂದ ಎಣಿಸಿದೆವು.

ಪ್ರಶ್ನಾವಳಿಗಳು

ತಾಯಿ, ತಂದೆ, ಮುಖ್ಯ ಶಿಕ್ಷಕಿ, ಈ ಮೂವರಿಗೂ ಥಾಮಸ್ ಆಕನ್‌ಬಾಕ್ ಮತ್ತು ಸಂಗಡಿಗರು ರೂಪಿಸಿದ, ಒಂದೂವರೆಯಿಂದ ಐದು ವರ್ಷದ ಮಕ್ಕಳ ವರ್ತನಾ ಪಟ್ಟಿ ಕೊಟ್ಟೆ. ಜಗತ್ತಿನಲ್ಲಿ ಬಹಳ ಬಳಕೆಯಲ್ಲಿರುವ ಉಪಕರಣ ಅದು. ಕಳೆದ ಎರಡು ತಿಂಗಳನ್ನು ನೆನೆದು ಪ್ರತಿ ವಾಕ್ಯಕ್ಕೆ ಸೊನ್ನೆ, ಒಂದು ಅಥವಾ ಎರಡು ಎಂದು ಗುರುತಿಸಬೇಕು. ಶಿಕ್ಷಕಿಯ ಅಂಕ ತೀವ್ರ ವಲಯದಲ್ಲಿ, ತಾಯಿಯದು ಅದಕ್ಕೂ ಕೆಳಗಿನ ಗಡಿ ವಲಯದಲ್ಲಿ, ತಂದೆಯದು ಸಾಮಾನ್ಯ ವಲಯದಲ್ಲಿ ಬಂದಿತು.

ಮುಖ್ಯಸ್ಥೆ ತಕ್ಷಣ ಕೇಳಿದರು: "ಇವರಲ್ಲಿ ಯಾರು ಸುಳ್ಳು ಹೇಳುತ್ತಿದ್ದಾರೆ?" ಯಾರೂ ಹೇಳುತ್ತಿರಲಿಲ್ಲ. 1987ರಲ್ಲಿ ಆಕನ್‌ಬಾಕ್, ಮೆಕನಾಹಿ, ಹೋವೆಲ್ 119 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಒಂದೇ ಪಾತ್ರದಲ್ಲಿರುವವರ, ಅಂದರೆ ತಂದೆ ಮತ್ತು ತಾಯಿಯಂಥವರ, ಉತ್ತರಗಳ ನಡುವಿನ ಸಹಸಂಬಂಧ (ಪೂರ್ತಿ ಹೊಂದಿದರೆ 1, ಸಂಬಂಧವೇ ಇಲ್ಲದಿದ್ದರೆ 0) ಸರಾಸರಿ 0.60 ಇತ್ತು. ಪೋಷಕರು ಮತ್ತು ಶಿಕ್ಷಕರಂತೆ ಬೇರೆ ಬೇರೆ ಪಾತ್ರದವರ ನಡುವೆ ಅದು 0.28 ಮಾತ್ರ. ಮಗು ಒಬ್ಬೊಬ್ಬರ ಎದುರು ಒಂದೊಂದು ಬಗೆಯಲ್ಲಿರುತ್ತದೆ, ಅವರ ಸಹನೆಯ ಮಿತಿಯೂ ಬೇರೆ. ತಂದೆ ಮಗನನ್ನು ನೋಡುತ್ತಿದ್ದದ್ದು ಹೆಚ್ಚಾಗಿ ರಜಾದಿನಗಳಲ್ಲಿ, ಬೇರೆ ಮಕ್ಕಳಿಲ್ಲದ ಮನೆಯಲ್ಲಿ.

ನನ್ನನ್ನು ಹೆಚ್ಚು ಕಾಡಿದ್ದು ಬೇರೆ ಸಂಗತಿ. ಈ ಪಟ್ಟಿಯ 'ಆಕ್ರಮಣಕಾರಿ ವರ್ತನೆ' ಎಂಬ ಉಪಮಾಪನದಲ್ಲಿ 19 ಅಂಶಗಳಿವೆ. ಹೊಡೆಯುವುದು, ಜಗಳವಾಡುವುದು, ಮೈಮೇಲೆ ಏರಿ ಹೋಗುವುದು ಅವುಗಳಲ್ಲಿ ಕೆಲವೇ. ಮೊಂಡುತನ, ಬೇಡಿದ್ದು ತಕ್ಷಣ ಬೇಕೆನ್ನುವುದು, ಕಿರುಚುವುದು, ಬೇಗ ಹತಾಶವಾಗುವುದು, ಮಾತು ಕೇಳದಿರುವುದು ಇವೂ ಅದರಲ್ಲೇ ಸೇರಿವೆ. ತಾಯಿ ಕೊಟ್ಟ 22 ಅಂಕಗಳನ್ನು ಬಿಡಿಸಿ ನೋಡಿದೆ. ದೇಹಕ್ಕೆ ದೇಹ ತಾಗುವ ಅಂಶಗಳಿಂದ ಬಂದದ್ದು ಐದು. ಉಳಿದ 17 ಹಠ ಮತ್ತು ಕೋಪದವು. ಕಡತದಲ್ಲಿ ಮಾತ್ರ 'ಆಕ್ರಮಣ: ಗಡಿ ವಲಯ' ಎಂದು ಬೀಳುತ್ತದೆ, ಅದನ್ನು ಓದಿದ ಮುಂದಿನವರು ಹೊಡೆಯುವ ಮಗುವನ್ನು ಕಲ್ಪಿಸಿಕೊಳ್ಳುತ್ತಾರೆ. ಪುಸ್ತಕದಲ್ಲಿ ಶಿಕ್ಷಕಿಯರು ಮಾಡಿದ ಬೆರಕೆ ಇಲ್ಲಿ ಅಚ್ಚಾದ ಉಪಕರಣದೊಳಗೇ ಇದೆ. ಈ ಕಾರಣಕ್ಕೇ ನೆದರ್‌ಲ್ಯಾಂಡ್ಸ್‌ನಲ್ಲಿ ಲೆನ್ನೆಕೆ ಆಲಿಂಕ್ ಮತ್ತು ಸಂಗಡಿಗರು 2006ರಲ್ಲಿ ದೈಹಿಕ ಆಕ್ರಮಣದ ಅಂಶಗಳಷ್ಟನ್ನೇ ಬೇರ್ಪಡಿಸಿ ಚಿಕ್ಕ ಮಾಪನವೊಂದನ್ನು ಬಳಸಿದರು. ಎರಡನೆಯ ವರ್ಷದಲ್ಲಿ ಆಕ್ರಮಣ ಏರಿ, ಮೂರನೆಯ ಹುಟ್ಟುಹಬ್ಬದ ಹೊತ್ತಿನಿಂದ ಇಳಿಯತೊಡಗುವ ರೇಖೆ ಅವರಿಗೆ ಕಂಡಿತು.

'ಕೆಲವೊಮ್ಮೆ', 'ಆಗಾಗ' ಎಂಬ ಮಾತುಗಳ ತೊಡಕೂ ಇದೆ. ಒಬ್ಬರ ಕೆಲವೊಮ್ಮೆ ಇನ್ನೊಬ್ಬರ ಆಗಾಗ. ಲಾರೆನ್ ವಾಕ್‌ಷ್ಲಾಗ್ ತಂಡ ಅದಕ್ಕೆ ಬದಲಾಗಿ ಕಳೆದ ಒಂದು ತಿಂಗಳಲ್ಲಿ ಎಷ್ಟು ಸಲ ಎಂದು ಕೇಳುತ್ತದೆ, ಉತ್ತರ 'ಎಂದೂ ಇಲ್ಲ'ದಿಂದ 'ದಿನಕ್ಕೆ ಹಲವು ಸಲ'ದವರೆಗೆ. 2012ರಲ್ಲಿ ಸುಮಾರು 1,490 ಮಕ್ಕಳ ಪೋಷಕರನ್ನು ಹೀಗೆ ಕೇಳಿದಾಗ ರಚ್ಚೆ ಹಿಡಿಯುವ ಮಕ್ಕಳು ಶೇ 83.7, ಪ್ರತಿದಿನ ಹಿಡಿಯುವವರು ಶೇ 8.6 ಎಂದು ತಿಳಿಯಿತು. ಇದೆಯೇ ಇಲ್ಲವೇ ಎಂದು ಕೇಳಿದರೆ ಬಹುತೇಕ ಎಲ್ಲ ಮಕ್ಕಳೂ ಸಿಕ್ಕಿಬೀಳುತ್ತಾರೆ, ಎಷ್ಟು ಎಂದು ಕೇಳಿದಾಗ ಮಾತ್ರ ಕೆಲವರು ಬೇರೆಯಾಗಿ ನಿಲ್ಲುತ್ತಾರೆ.

ಮನೆಗಾಗಿ ನಾನು ಹಳೆಯ ದಾರಿ ಹಿಡಿದೆ. ಫ್ಲಾರೆನ್ಸ್ ಗುಡ್‌ಇನಫ್ 1931ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ತಾಯಂದಿರಿಂದಲೇ ಮಕ್ಕಳ ಕೋಪದ ದಿನಚರಿ ಬರೆಸಿ 1,878 ಪ್ರಸಂಗಗಳನ್ನು ಕಲೆಹಾಕಿದ್ದರು. ಈ ತಾಯಿಯೂ 14 ದಿನ ಬರೆದರು, ಬಹಳ ನಿಷ್ಠೆಯಿಂದ, ಗಡಿಯಾರ ನೋಡಿ. ಕೋಪದ ಪ್ರಸಂಗಗಳು 17, ಅವುಗಳಲ್ಲಿ ಕೈ ಎತ್ತಿದ್ದು ನಾಲ್ಕು, ನಾಲ್ಕೂ ತಾಯಿಯ ಮೇಲೆಯೇ. ದಿನಚರಿ ಒಪ್ಪಿಸುವಾಗ ಆಕೆ ಕೇಳಿದರು: "ನನ್ನ ಮಗ ಕ್ರೂರಿಯೇ, ಮೇಡಂ? ಇದನ್ನು ಎಲ್ಲಿಂದ ಕಲಿತ? ನಮ್ಮ ಮನೆಯಲ್ಲಿ ಯಾರೂ ಕೈ ಎತ್ತುವುದಿಲ್ಲ."

ಈ ಪ್ರಶ್ನೆಗೆ ಉತ್ತರ ಇದೆ, ಅದನ್ನು ಅವರಿಗೆ ಹೇಳಲು ನನಗೆ ಸಮಾಧಾನವೂ ಆಯಿತು. ರಿಚರ್ಡ್ ಟ್ರಾಂಬ್ಲೆ ಕೆನಡಾದ ಕ್ವಿಬೆಕ್‌ನಲ್ಲಿ ನಡೆಸಿದ ಕೆಲಸದಲ್ಲಿ 17 ತಿಂಗಳ ಹೊತ್ತಿಗೇ ಬಹುಪಾಲು ಮಕ್ಕಳು ಹೊಡೆಯುವುದನ್ನೋ ತಳ್ಳುವುದನ್ನೋ ಆರಂಭಿಸಿರುತ್ತಾರೆ ಎಂದು ತಾಯಂದಿರು ತಿಳಿಸಿದ್ದರು. 572 ಕುಟುಂಬಗಳನ್ನು ಮಗುವಿನ ಐದನೆಯ ತಿಂಗಳಿನಿಂದ ಹಿಂಬಾಲಿಸಿ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, 17ರಿಂದ 42 ತಿಂಗಳ ನಡುವೆ ಶೇ 28 ಮಕ್ಕಳು ಹೊಡೆದದ್ದು ಇಲ್ಲವೆನ್ನುವಷ್ಟು ಕಡಿಮೆ, ಶೇ 58 ಮಕ್ಕಳಲ್ಲಿ ಅದು ಸಾಧಾರಣವಾಗಿ ಏರಿತು, ಶೇ 14 ಮಕ್ಕಳಲ್ಲಿ ಎತ್ತರದಲ್ಲಿಯೇ ಏರುತ್ತ ಹೋಯಿತು. ಕೈ ಎತ್ತುವುದನ್ನು ಮಗುವಿಗೆ ಯಾರೂ ಕಲಿಸಬೇಕಿಲ್ಲ. ಎತ್ತಿದ ಕೈಯನ್ನು ತಡೆಯುವುದನ್ನು ಅದು ನಿಧಾನವಾಗಿ ಕಲಿಯುತ್ತದೆ, ಮಾತು ಬಂದಂತೆ, ಕಾಯುವುದು ಬಂದಂತೆ. ಈ ಹುಡುಗನಿಗೆ ಮಾತು ವಯಸ್ಸಿಗೆ ತಕ್ಕಷ್ಟು ಬಂದಿರಲಿಲ್ಲ. ಶ್ರವಣ ಪರೀಕ್ಷೆ ಮಾಡಿಸಿದೆವು, ಕಿವಿ ಸರಿಯಾಗಿತ್ತು. ಭಾಷಾ ತಜ್ಞರ ಬಳಿಗೆ ಕಳುಹಿಸಿದೆ, ಅದು ಬೇರೆಯೇ ಕಥೆ.

ಐದೈದು ನಿಮಿಷ

ವೀಕ್ಷಣೆಗೆ ನಾನು ಆರಿಸಿಕೊಂಡದ್ದು ಜೀನ್ ಆಲ್ಟ್‌ಮನ್ 1974ರಲ್ಲಿ ಪ್ರಾಣಿವರ್ತನೆಯ ಅಧ್ಯಯನಕ್ಕಾಗಿ ವಿವರಿಸಿದ ಕ್ರಮ. ಗಲಾಟೆ ಕೇಳಿದ ಕಡೆ ಕಣ್ಣು ಹಾಯಿಸುವಂತಿಲ್ಲ. ಚೀಟಿ ಎತ್ತಿದಾಗ ಬಂದ ಮಗುವನ್ನು ಐದು ನಿಮಿಷ ಬಿಡದೆ ನೋಡಬೇಕು, ಪಕ್ಕದಲ್ಲಿ ಯಾರು ಕಿರುಚಿದರೂ ಸರಿ. ಕೇಳಲು ಸುಲಭ, ಮಾಡಲು ಕಠಿಣ. ನಾಲ್ಕು ಅಡಿ ದೂರದಲ್ಲಿ ಮಗುವೊಂದು ಅಳುತ್ತಿರುವಾಗ ಗೋಡೆಗೊರಗಿ ಒಂಟಿಯಾಗಿ ಕುಳಿತ ಇನ್ನೊಂದು ಮಗುವಿನ ಮೇಲೆ ಕಣ್ಣು ನೆಟ್ಟಿರಬೇಕು. ಆದರೆ ಪ್ರತಿ ಮಗುವಿಗೂ ಸಮಾನ ಗಮನ ಸಿಗುವುದು ಇದರಿಂದ ಮಾತ್ರ. ಹುಡುಗನ ವಿಷಯದಲ್ಲಿ ಅಷ್ಟರವರೆಗೆ ಸಿಗದೆ ಇದ್ದದ್ದು ಅದೇ.

ಬೆಳಗಿನ ಹೊತ್ತು, 14 ಮಕ್ಕಳೂ ಇರುವಾಗ, ಹತ್ತು ದಿನ ನೋಡಿದೆವು. ನಾವು ಕೂತಿದ್ದೇವೆ ಎಂಬ ಕಾರಣಕ್ಕೇ ಶಿಕ್ಷಕಿಯರ ದನಿ ಮೆತ್ತಗಾಗುತ್ತದೆ, ಮಕ್ಕಳು ನಮ್ಮ ಪೆನ್ನಿಗಾಗಿ ಬಂದು ನಿಲ್ಲುತ್ತಾರೆ. ಹಾಗಾಗಿ ಮೊದಲ ಎರಡು ದಿನಗಳನ್ನು ಲೆಕ್ಕಕ್ಕೆ ಹಿಡಿಯದೆ ಅಭ್ಯಾಸಕ್ಕೆ ಬಳಸಿಕೊಂಡೆವು. ಉಳಿದ ಎಂಟು ದಿನಗಳಲ್ಲಿ ಪ್ರತಿ ಮಗುವಿಗೆ 24 ಅವಧಿ, ಅಂದರೆ ಎರಡು ಗಂಟೆ. ಒಟ್ಟು 336 ಅವಧಿ, 28 ಗಂಟೆ.

ಜೊತೆಗೆ ಕೆಲಸ ಮಾಡಿದ ವೀಕ್ಷಕಿಗೆ ಯಾವ ಮಗುವಿನ ಬಗ್ಗೆ ದೂರು ಇದೆ ಎಂದು ಹೇಳಿರಲಿಲ್ಲ. ಮೂರನೆಯ ದಿನ ಅವರೇ ಊಹಿಸಿದ್ದರು, ಶಿಕ್ಷಕಿಯರು ಯಾರ ಹೆಸರನ್ನು ಹೆಚ್ಚು ಕೂಗುತ್ತಾರೆ ಎಂಬುದರಿಂದ. ಈ ದೋಷವನ್ನು ಸರಿಪಡಿಸುವ ಉಪಾಯ ನನಗೆ ಹೊಳೆಯಲಿಲ್ಲ.

ಅಭ್ಯಾಸದ ದಿನಗಳಲ್ಲಿ ಒಟ್ಟಿಗೆ ನೋಡಿದ 60 ಅವಧಿಗಳಲ್ಲಿ 53ರಲ್ಲಿ ನಮ್ಮಿಬ್ಬರ ಗುರುತು ಒಂದೇ ಆಗಿತ್ತು. ಶೇ 88 ಹೊಂದಿಕೆ! ಎಷ್ಟೋ ವರದಿಗಳು ಇಲ್ಲಿಗೇ ನಿಲ್ಲುತ್ತವೆ, ಅದು ನನಗೆ ಬೇಸರ ತರುವ ವಿಷಯ. ಆ 53ರಲ್ಲಿ 49 ಅವಧಿಗಳು ಏನೂ ನಡೆಯದವು. ಏನೂ ನಡೆಯಲಿಲ್ಲ ಎಂದು ಒಪ್ಪಿಕೊಳ್ಳಲು ತರಬೇತಿ ಬೇಕಿಲ್ಲ. ಇಬ್ಬರೂ ಹೊಡೆತ ಕಂಡೆವೆಂದದ್ದು ನಾಲ್ಕೇ ಅವಧಿಗಳಲ್ಲಿ, ಒಬ್ಬರಿಗೆ ಮಾತ್ರ ಕಂಡದ್ದು ಏಳರಲ್ಲಿ. ಜೇಕಬ್ ಕೊಹೆನ್ 1960ರಲ್ಲಿ ಕೊಟ್ಟ ಕಪ್ಪಾ ಸೂಚ್ಯಂಕ ಆಕಸ್ಮಿಕವಾಗಿ ಕೂಡಿಬರುವ ಹೊಂದಿಕೆಯನ್ನು ಕಳೆದು ಲೆಕ್ಕ ಹಾಕುತ್ತದೆ. ಪೂರ್ತಿ ಹೊಂದಿಕೆಗೆ ಅದು 1, ಬರಿಯ ಆಕಸ್ಮಿಕಕ್ಕೆ 0. ಅದರ ಪ್ರಕಾರ ನಮ್ಮದು 0.47. ಅಪರೂಪದ ವರ್ತನೆಯನ್ನು ಅಳೆಯುವಾಗ ಶೇಕಡಾವಾರು ಹೊಂದಿಕೆಯನ್ನು ನಂಬಿದರೆ ಮೋಸ ಹೋಗುತ್ತೇವೆ.

ಭಿನ್ನಾಭಿಪ್ರಾಯವೆಲ್ಲ ತಳ್ಳುವುದರ ಸುತ್ತಲೇ ಇತ್ತು. ಕೈ ಚಾಚಿ ತಳ್ಳಿದರೆ ಮಾತ್ರ ಎಣಿಸೋಣ, ಭುಜ ತಾಗಿಸಿಕೊಂಡು ದಾರಿ ಮಾಡಿಕೊಂಡರೆ ಬೇಡ ಎಂದು ತೀರ್ಮಾನಿಸಿದೆವು. ಆಮೇಲೆ ಎಂಟು ದಿನಗಳ ಅವಧಿಗಳಲ್ಲಿ ಐದನೆಯ ಒಂದು ಪಾಲನ್ನು, 66 ಅವಧಿಗಳನ್ನು, ಇಬ್ಬರೂ ಒಟ್ಟಿಗೆ ನೋಡಿದಾಗ ಕಪ್ಪಾ 0.77ಕ್ಕೆ ಬಂದಿತು. ಒಂದು ಸಾಲಿನ ವ್ಯಾಖ್ಯೆ ಬದಲಾವಣೆಯಿಂದ ಇಷ್ಟು ವ್ಯತ್ಯಾಸ.

ಎಣಿಕೆಯಲ್ಲಿ ಕಂಡದ್ದು

ಹುಡುಗ ತನ್ನ ಎರಡು ಗಂಟೆಗಳಲ್ಲಿ ಒಂಬತ್ತು ಸಲ ಹೊಡೆದ ಅಥವಾ ತಳ್ಳಿದ. ಗಂಟೆಗೆ ನಾಲ್ಕೂವರೆ. ಉಳಿದ 13 ಮಕ್ಕಳು ತಮ್ಮ 26 ಗಂಟೆಗಳಲ್ಲಿ ಒಟ್ಟು 26 ಸಲ. ತಲಾ ಗಂಟೆಗೆ ಒಂದು. ಪುಸ್ತಕದ 17 ಪಟ್ಟು, ವ್ಯಾಖ್ಯೆ, ಸಮಯ, ಸಮಾನ ಗಮನ ಎಂಬ ಮೂರು ಜರಡಿಗಳನ್ನು ದಾಟಿ ನಾಲ್ಕೂವರೆ ಪಟ್ಟಾಗಿ ಉಳಿಯಿತು.

ನಾಲ್ಕೂವರೆ ಕಡಿಮೆಯಲ್ಲ. ಹುಡುಗ ನಿರಪರಾಧಿ, ಎಲ್ಲವೂ ಶಿಕ್ಷಕಿಯರ ಕಣ್ಣಿನ ದೋಷ ಎಂಬ ವರದಿಯನ್ನು ಅವನ ತಾಯಿ ಬಹುಶಃ ನಿರೀಕ್ಷಿಸಿದ್ದರು. ಅದನ್ನು ನಾನು ಬರೆಯಲಾರದೆ ಹೋದೆ. ಹಾಗೆಯೇ ಎರಡು ಗಂಟೆಗಳ ಒಂಬತ್ತು ಎಣಿಕೆಯ ಮೇಲೆ ಎಷ್ಟು ಭಾರ ಹೇರಬಹುದು ಎಂಬುದನ್ನೂ ಬರೆಯಬೇಕಿತ್ತು. ಅಪರೂಪದ ಘಟನೆಗಳ ಲೆಕ್ಕಾಚಾರದ ಪ್ರಕಾರ ಅವನ ನಿಜವಾದ ದರ ಗಂಟೆಗೆ 2.1ರಿಂದ 8.5ರ ನಡುವೆ ಎಲ್ಲಿಯಾದರೂ ಇರಬಹುದು. ಹೊಡೆತಗಳು ಒಂದರ ಬೆನ್ನಿಗೆ ಒಂದು ಗುಂಪಾಗಿ ಬರುವುದರಿಂದ ಈ ಅಂತರ ವಾಸ್ತವದಲ್ಲಿ ಇನ್ನೂ ಅಗಲ.

ಎರಡನೆಯ ಸ್ಥಾನದಲ್ಲಿದ್ದವಳು ಮೂರು ವರ್ಷದ ಒಬ್ಬ ಹುಡುಗಿ. ಎರಡು ಗಂಟೆಗಳಲ್ಲಿ ಆರು ಸಲ, ಹೆಚ್ಚಾಗಿ ಚಿವುಟುವುದು. ಅವಳ ದರದ ವ್ಯಾಪ್ತಿ 1.1ರಿಂದ 6.5. ಇಬ್ಬರ ವ್ಯಾಪ್ತಿಗಳೂ ಎಷ್ಟೊಂದು ಒಂದರ ಮೇಲೊಂದು ಬಿದ್ದಿವೆ ಎಂದರೆ ಯಾರು ಹೆಚ್ಚು ಎಂದು ಹೇಳುವಂತಿಲ್ಲ. ಆರು ವಾರಗಳ ಪುಸ್ತಕದಲ್ಲಿ ಅವಳ ಹೆಸರು ಬಂದದ್ದು ಒಂದು ಸಲ. ಅವಳು ಮಾತುಗಾರ್ತಿ, ಕರೆದಾಗ ಬರುವವಳು. ಚಿವುಟುವುದು ಮೂಲೆಯಲ್ಲಿ, ಚಿವುಟಿಸಿಕೊಂಡವರು ಅಳುವುದಕ್ಕಿಂತ ಹೆಚ್ಚಾಗಿ ಸರಿದು ಹೋಗುತ್ತಿದ್ದರು.

ಪ್ರತಿ ಕೃತ್ಯದ ಪಕ್ಕದಲ್ಲಿ ದೊಡ್ಡವರು ಯಾರಾದರೂ ಮಧ್ಯೆ ಬಂದರೇ ಎಂದೂ ಗುರುತಿಸಿದ್ದೆವು. ಹುಡುಗನ ಒಂಬತ್ತರಲ್ಲಿ ಏಳಕ್ಕೆ ಬಂದರು. ಹುಡುಗಿಯ ಆರರಲ್ಲಿ ಒಂದಕ್ಕೂ ಇಲ್ಲ. ಉಳಿದ ಮಕ್ಕಳ 20ರಲ್ಲಿ ಆರಕ್ಕೆ. ಹೆಲೆನ್ ಡಾವ್ 1934ರಲ್ಲಿ ಪ್ರಕಟಿಸಿದ, ಶಿಶುಶಾಲೆಯ ಮಕ್ಕಳ 200 ಜಗಳಗಳ ಅಧ್ಯಯನದಲ್ಲಿ ಒಂದು ಜಗಳದ ಸರಾಸರಿ ಅವಧಿ 24 ಸೆಕೆಂಡಿಗಿಂತ ಕಡಿಮೆ ಇತ್ತು, ಹೆಚ್ಚಿನವನ್ನು ಮಕ್ಕಳು ತಾವೇ ಮುಗಿಸಿಕೊಂಡಿದ್ದರು. ಅಷ್ಟು ಚಿಕ್ಕ ಘಟನೆ ದೊಡ್ಡವರಿಗೆ ಕಾಣಬೇಕಾದರೆ ಅವರ ಮುಖ ಆಗಲೇ ಅತ್ತ ತಿರುಗಿರಬೇಕು. ಹುಡುಗನನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದರು, ಆದ್ದರಿಂದ ಅವನದು ಕಾಣುತ್ತಿತ್ತು. ಬೆಳಗಿನ ದರವನ್ನು ಇಡೀ ದಿನಕ್ಕೆ ಹಚ್ಚುವಂತಿಲ್ಲವಾದರೂ, 270 ಗಂಟೆಗಳಲ್ಲಿ ಅವನ ಹೆಸರಿನಲ್ಲಿ ಪುಸ್ತಕಕ್ಕೆ ಸೇರಿದ 11 ಹೊಡೆತಗಳು ನಡೆದವುಗಳ ಒಂದು ಸಣ್ಣ ಚೂರು ಮಾತ್ರ ಎಂಬುದು ಸ್ಪಷ್ಟ. ಯಾವ ಚೂರು ಪುಸ್ತಕಕ್ಕೆ ಸೇರುತ್ತದೆ ಎಂಬುದನ್ನು ನಿರ್ಧರಿಸಿದ್ದು ದೊಡ್ಡವರ ನೋಟ.

ನನಗೆ ಈ ಪ್ರಕರಣದಲ್ಲಿ ಅತ್ಯಂತ ಉಪಯುಕ್ತವಾಗಿ ಕಂಡದ್ದು ಹೊತ್ತಿನ ಲೆಕ್ಕ. ಹುಡುಗನ ಒಂಬತ್ತರಲ್ಲಿ ಏಳು ಕೃತ್ಯಗಳು ಆಟ ಮುಗಿಸಿ ಆಟಿಕೆ ಎತ್ತಿಡುವಾಗ ಮತ್ತು ಕೈ ತೊಳೆಯಲು ಸಾಲು ನಿಲ್ಲುವಾಗ ನಡೆದಿದ್ದವು. ಅವನನ್ನು ಆ ಹೊತ್ತಿನಲ್ಲಿ ನೋಡಿದ್ದು 25 ನಿಮಿಷ ಮಾತ್ರ. ಅಂದರೆ ಅಲ್ಲಿ ಗಂಟೆಗೆ ಸುಮಾರು 17, ಉಳಿದ 95 ನಿಮಿಷಗಳಲ್ಲಿ ಗಂಟೆಗೆ 1.3. ಬೇರೆ ಮಕ್ಕಳದೂ ಅದೇ ಹೊತ್ತಿನಲ್ಲಿ ಗಂಟೆಗೆ 0.7ರಿಂದ 2.2ಕ್ಕೆ ಏರುತ್ತಿತ್ತು. ಆ ಕಿರಿದಾದ ಹಾದಿಯಲ್ಲಿ 14 ಮಕ್ಕಳು, ಎರಡು ನಲ್ಲಿ, ಕಾಯುವುದು ಇನ್ನೂ ಬಾರದ ವಯಸ್ಸು. ಹಿಂದಿನವನ ಮೈ ಬೆನ್ನಿಗೆ ತಾಗುತ್ತದೆ, ಬೇಡ ಎನ್ನಲು ಈ ಹುಡುಗನಿಗೆ ಮಾತು ಸಿಗುವುದಿಲ್ಲ. ಒಂಬತ್ತರಲ್ಲಿ ಆರು ಸಲ, ಅವನು ಕೈ ಎತ್ತುವ ಮೊದಲು ಬೇರೆ ಮಗು ಅವನ ವಸ್ತು ಎಳೆದಿತ್ತು ಅಥವಾ ಅವನ ಮೈಮೇಲೆ ಒತ್ತಿತ್ತು. ಪುಸ್ತಕದಲ್ಲಿ ಮೊದಲಿನದು ಇರುವುದಿಲ್ಲ, ಅದರ ನಂತರದ್ದು ಇರುತ್ತದೆ. ಪುಸ್ತಕದಲ್ಲಿದ್ದ ಎರಡು ಕಚ್ಚುವಿಕೆಗಳ ವೇಳೆಯನ್ನು ಮತ್ತೆ ತೆಗೆದು ನೋಡಿದೆ. ಎರಡೂ ಇದೇ ಸಾಲಿನಲ್ಲಿ ನಡೆದಿದ್ದವು.

ಆ ಎರಡು ಕಚ್ಚುವಿಕೆಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮ ಎಣಿಕೆಯಲ್ಲಿ ಹಲ್ಲುಗುರುತು ಮೂಡಿದ ಕಚ್ಚುವಿಕೆಗೂ ಹಗುರ ತಳ್ಳುವಿಕೆಗೂ ಬೆಲೆ ಒಂದೇ, ಎರಡಕ್ಕೂ ಒಂದೊಂದು ಗೆರೆ. ತನ್ನ ಮಗುವಿನ ತೋಳಿನ ಮೇಲೆ ಹಲ್ಲಿನ ಅಚ್ಚು ಕಂಡ ತಾಯಿಗೆ ಗಂಟೆಯ ದರ ಹೇಳುವುದು ನಿರ್ದಯತೆ. ಗುರುತು ಮೂಡಿತೇ, ಅಳು ಬಂತೇ, ಎಷ್ಟು ಹೊತ್ತು ಅತ್ತರು ಎಂಬುದನ್ನು ವರದಿಯಲ್ಲಿ ಪ್ರತ್ಯೇಕವಾಗಿಯೇ ಇಟ್ಟೆ. ತೀವ್ರತೆಯನ್ನು ಸಂಖ್ಯೆಯೊಂದಿಗೆ ಗುಣಿಸಿ ಒಂದೇ ಅಂಕ ಮಾಡುವ ಪದ್ಧತಿಗಳಿವೆ. ಮೂರು ತಳ್ಳುವಿಕೆ ಸೇರಿ ಒಂದು ಕಚ್ಚುವಿಕೆ ಆಗುತ್ತದೆ ಎಂದು ಯಾವ ತಕ್ಕಡಿಯಲ್ಲಿ ತೂಗುವುದು?

ನಾಲ್ಕು ತಿಂಗಳ ನಂತರ

ಮುಖ್ಯಸ್ಥೆ ಹುಡುಗನನ್ನು ಕಳುಹಿಸಲಿಲ್ಲ. ಕೈ ತೊಳೆಯಲು ನಾಲ್ಕೈದು ಮಕ್ಕಳಂತೆ ಮೂರು ತಂಡ ಮಾಡಿದರು, ಒಬ್ಬ ಶಿಕ್ಷಕಿ ಹುಡುಗನಿಗೆ ಕೈಯಳತೆಯಲ್ಲಿ ನಿಲ್ಲುವಂತೆ ಮಾಡಿದರು. ಘಟನಾ ಪುಸ್ತಕದಲ್ಲಿ ಹೊಸ ಗೆರೆಗಳು ಬಂದವು: ವೇಳೆ, ಅದಕ್ಕೆ ಮುಂಚೆ ಏನಾಯಿತು, ದೇಹಕ್ಕೆ ತಾಗಿತೇ, ಯಾರು ಕಂಡರು.

ನಾಲ್ಕು ತಿಂಗಳಾದ ಮೇಲೆ ಅದೇ ಕ್ರಮದಲ್ಲಿ ಮತ್ತೆ ನೋಡಿದೆವು. ಹುಡುಗ ಎರಡು ಗಂಟೆಗಳಲ್ಲಿ ನಾಲ್ಕು ಸಲ. ಉಳಿದವರು 26 ಗಂಟೆಗಳಲ್ಲಿ 17 ಸಲ. ಶಿಕ್ಷಕಿಯರ ಮುಖ ಅರಳಿತು. ನಾನು ಅವರ ಸಂತೋಷಕ್ಕೆ ಅಡ್ಡ ಬರಲಿಲ್ಲ, ಆದರೆ ವರದಿಯಲ್ಲಿ ಇರುವುದನ್ನೇ ಬರೆದೆ. ಒಂಬತ್ತು ನಾಲ್ಕಾದದ್ದು ಇಷ್ಟು ಚಿಕ್ಕ ಎಣಿಕೆಯಲ್ಲಿ ಬರಿಯ ಆಕಸ್ಮಿಕದಿಂದಲೂ ಆಗಬಹುದು. ಹೊಸ ವ್ಯಾಪ್ತಿ ಗಂಟೆಗೆ 0.5ರಿಂದ 5.1, ಹಳೆಯದರೊಂದಿಗೆ ಧಾರಾಳವಾಗಿ ಬೆರೆಯುತ್ತದೆ. ನಮ್ಮನ್ನು ಕರೆಸಿದ್ದೇ ಅವನ ಅತಿ ಕೆಟ್ಟ ವಾರಗಳಲ್ಲಿ, ಅಂಥ ವಾರಗಳ ನಂತರ ಏನೂ ಮಾಡದಿದ್ದರೂ ಸ್ವಲ್ಪ ಇಳಿತ ಸಹಜ. ಇನ್ನೊಂದೆಡೆ ಅವನಿಗೆ ಆಗ 35 ತಿಂಗಳು, ಕ್ವಿಬೆಕ್‌ನ ರೇಖೆಯ ಪ್ರಕಾರ ಇನ್ನೂ ಏರುವ ವಯಸ್ಸು. ನಾಲ್ಕರಲ್ಲಿ ಸಾಲಿನ ಹೊತ್ತಿನಲ್ಲಿ ನಡೆದದ್ದು ಒಂದೇ. ಸಾಲು ಒಡೆದದ್ದು ಕೆಲಸ ಮಾಡಿತು ಎಂದು ನಾನು ನಂಬುತ್ತೇನೆ. ಅದಕ್ಕೆ ನನ್ನ ಬಳಿ ಪುರಾವೆ ಇದೆ ಎಂದು ಹೇಳಲಾರೆ.

ಎರಡನೆಯ ಸುತ್ತಿನ ಅಭ್ಯಾಸದ ದಿನ ವೀಕ್ಷಕಿ ನನ್ನನ್ನು ಪಕ್ಕಕ್ಕೆ ಕರೆದು ತಮ್ಮ ಹಾಳೆ ತೋರಿಸಿದರು. ಹುಡುಗನ ಕೈಯಿಂದ ಯಾರೋ ಬಂಡಿ ಎಳೆದುಕೊಂಡಾಗ ಅವನು ಕೈ ಎತ್ತಿದ್ದ, ತಲೆಯ ಮಟ್ಟಕ್ಕೆ. ಹಾಗೆಯೇ ಒಂದು ಕ್ಷಣ ಇಟ್ಟುಕೊಂಡಿದ್ದ. ಆಮೇಲೆ ಕೈ ಕೆಳಗಿಳಿಸಿ "ನಂದು" ಎಂದು ಕೂಗಿದ್ದ. "ಇದನ್ನು ಯಾವ ಕಾಲಂಗೆ ಹಾಕಲಿ?" ಎಂದು ಕೇಳಿದರು. ಹಾಕಲು ಕಾಲಂ ಇರಲಿಲ್ಲ. ಹೊಡೆತವನ್ನು ಎಂಟು ಬಗೆಯಾಗಿ ವಿಂಗಡಿಸಿದ್ದ ನಾನು, ಎತ್ತಿದ ಕೈ ಇಳಿಯುವುದಕ್ಕೆ ಒಂದು ಗೆರೆಯ ಜಾಗವನ್ನೂ ಇಟ್ಟಿರಲಿಲ್ಲ. ಆ ವಯಸ್ಸಿನಲ್ಲಿ ಮಕ್ಕಳು ಕಲಿಯುವುದೇ ಅದನ್ನು ಎಂದು ಅವನ ತಾಯಿಗೆ ಹೇಳಿದ್ದವಳೂ ನಾನೇ.

ಅಂದೇ ಹಾಳೆಯ ಬಲತುದಿಯಲ್ಲಿ ಹೊಸ ಕಾಲಂ ಎಳೆದೆವು. ಎರಡನೆಯ ಸುತ್ತಿನ ಎಂಟು ದಿನಗಳಲ್ಲಿ ಅವನ ಹೆಸರಿನ ಎದುರು ಅದರಲ್ಲಿ ಐದು ಗೆರೆಗಳಿವೆ. ಮೊದಲ ಸುತ್ತಿನಲ್ಲಿ ಅವನು ಎಷ್ಟು ಸಲ ಹಾಗೆ ಕೈ ಇಳಿಸಿದ್ದನೋ, ಆ ಹಾಳೆಗಳಲ್ಲಿ ಅದರ ಗುರುತಿಲ್ಲ.